ಮಟ್ಟಿ ಬಿಟ್ಟ ಮೇಲೆ



ಕುಸ್ತಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಗೆದ್ದ ಕುಸ್ತಿಯ ಸುದ್ದಿ ತೆಗೆಯುತ್ತೇವೆ. ಯಾರು ಯಾರನ್ನು ಎಷ್ಟು ನಿಮಿಷದಲ್ಲಿ ಚಿತ್ ಮಾಡಿದ, ಯಾವ ಡಾವು ಹಾಕಿದ, ಆ ವರ್ಷದ ಬೆಳ್ಳಿ ಕಡೆ, ಅಂದರೆ ಕಡಗ, ಯಾವ ಊರಿಗೆ ಹೋಯಿತು ಎಂಬುದನ್ನು ಕಟ್ಟೆಯ ಮೇಲೆ ಕೂತವರು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ನಾನು ಇವತ್ತು ಹೇಳಬೇಕೆಂದಿರುವುದು ಅದರ ನಂತರದ ಕಥೆ. ಮೂವತ್ತೈದರ ಆಚೀಚೆ ಪೈಲ್ವಾನ ಮಟ್ಟಿ ಬಿಡುತ್ತಾನೆ, ಅಂದರೆ ಕುಸ್ತಿಯ ಕಣಕ್ಕೆ ಇಳಿಯುವುದನ್ನು ನಿಲ್ಲಿಸುತ್ತಾನೆ. ಬಿಟ್ಟ ಮೇಲೂ ಮೂವತ್ತು ನಲವತ್ತು ವರ್ಷ ಬದುಕುವುದಿರುತ್ತದೆ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವನ ಈ ಎರಡನೆಯ ಆಯುಷ್ಯದ ಖರ್ಚು ಯಾರ ಲೆಕ್ಕದಲ್ಲಿ ಬರೆಯಬೇಕು? ಇದು ನಮ್ಮ ಹುನಗುಂದ ತಾಲೂಕಿನ ಪ್ರಶ್ನೆ ಮಾತ್ರ ಅಲ್ಲ. ಹಣ ತೆಗೆದುಕೊಂಡು ಆಡುವ ಆಟ ಎಲ್ಲಿ ಹುಟ್ಟಿತೋ ಅಲ್ಲೆಲ್ಲ ಈ ಪ್ರಶ್ನೆಯೂ ಹುಟ್ಟಿದೆ. ಆದ್ದರಿಂದ ಊರಿಗೆ ಬರುವ ಮುಂಚೆ ಒಂದಿಷ್ಟು ದೂರ ಹೋಗಿ ಬರೋಣ.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಕೋಲಿನಿಂದ ಚೆಂಡು ಹೊಡೆದು ನಾಲ್ಕು ಮೂಲೆ ಮುಟ್ಟಿ ಬರುವ ಆಟ. ಮೊದಮೊದಲು ಅದು ಗುಮಾಸ್ತರು, ಅಂಗಡಿಕಾರರು ಸಂಜೆ ಹೊತ್ತು ಆಡುವ ಹವ್ಯಾಸವಾಗಿತ್ತು. 1869ರಲ್ಲಿ ಸಿನ್ಸಿನಾಟಿ ಊರಿನ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರಿಗೆಲ್ಲ ಸಂಬಳ ಕೊಡುತ್ತೇವೆಂದು ಬಹಿರಂಗವಾಗಿ ಸಾರಿತು. ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ಜಾರ್ಜ್ ರೈಟ್ ಎಂಬವನಿಗೆ, ಆ ಹಂಗಾಮಿಗೆ 1,400 ಡಾಲರ್. ಕುಶಲಕರ್ಮಿಯೊಬ್ಬನ ವರ್ಷದ ದುಡಿಮೆಗಿಂತ ಅದು ಎಷ್ಟೋ ಮೇಲು. 1876ರಲ್ಲಿ ನ್ಯಾಷನಲ್ ಲೀಗ್ ಎಂಬ ಕೂಟ ಕಟ್ಟಿದರು. 1879ರಲ್ಲಿ ತಂಡದ ಮಾಲೀಕರು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು: ನಮ್ಮ ತಂಡದ ಇಂತಿಂಥ ಆಟಗಾರರನ್ನು ಬೇರೆ ಯಾರೂ ಮಾತಾಡಿಸಕೂಡದು. ಮೊದಲು ತಂಡಕ್ಕೆ ಐವರಿಗೆ ಇದ್ದ ಈ ಕಟ್ಟು ಬರಬರುತ್ತ ಎಲ್ಲರಿಗೂ ಬಿತ್ತು. ಆಟಗಾರ ತಾನಾಗಿ ತಂಡ ಬಿಡುವಂತಿಲ್ಲ; ತಂಡ ಮಾತ್ರ ಅವನನ್ನು ಯಾವಾಗ ಬೇಕಾದರೂ ಬಿಡಬಹುದು, ಮಾರಲೂಬಹುದು. ಮೈಕ್ ಕೆಲಿ ಎಂಬ ಆಟಗಾರನನ್ನು 1887ರಲ್ಲಿ ಷಿಕಾಗೊದವರು ಬಾಸ್ಟನ್ನಿನವರಿಗೆ ಹತ್ತು ಸಾವಿರ ಡಾಲರಿಗೆ ಮಾರಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ, ಜನಕ್ಕೆ ಹುಚ್ಚು. ಏಳೇ ವರ್ಷಕ್ಕೆ, 1894ರಲ್ಲಿ, ನ್ಯುಮೋನಿಯಾ ಹಿಡಿದು ಅವನು ತೀರಿಕೊಂಡ. ವಯಸ್ಸು 36. ಅಷ್ಟರಲ್ಲಿ ಆಟವೂ ಹೋಗಿತ್ತು, ದುಡ್ಡೂ ಹೋಗಿತ್ತು, ಕುಡಿತ ಮಾತ್ರ ಉಳಿದಿತ್ತು.

ಆ ಕಾಲದ ಬೇಸ್‌ಬಾಲ್ ಆಟಗಾರರು ಆಟ ಬಿಟ್ಟ ಮೇಲೆ ಹಿಡಿದ ದಾರಿಗಳನ್ನು ನೋಡಿದರೆ ಒಬ್ಬೊಬ್ಬರದೂ ಒಂದೊಂದು ತೆರ. ಆಲ್ಬರ್ಟ್ ಸ್ಪಾಲ್ಡಿಂಗ್ ಜಾಣ. ಇನ್ನೂ ಚೆಂಡೆಸೆಯುತ್ತಿರುವಾಗಲೇ 1876ರಲ್ಲಿ ಆಟದ ಸಾಮಾನಿನ ಅಂಗಡಿ ತೆರೆದ, ಆಮೇಲೆ ಅದರಲ್ಲೇ ಶ್ರೀಮಂತನಾದ. ಜಾನ್ ಮಾಂಟ್‌ಗೊಮರಿ ವಾರ್ಡ್ ಆಡುತ್ತಲೇ ಕಾನೂನು ಓದಿದ, ಆಟಗಾರರ ಸಂಘ ಕಟ್ಟಿ ಮಾಲೀಕರಿಗೆ ಸಡ್ಡು ಹೊಡೆದು 1890ರಲ್ಲಿ ಬೇರೆ ಕೂಟವನ್ನೇ ನಡೆಸಿದ, ಅದು ಒಂದೇ ವರ್ಷಕ್ಕೆ ಮುಳುಗಿದ ಮೇಲೆ ವಕೀಲನಾಗಿ ನೆಲೆ ಕಂಡ. ಬಿಲ್ಲಿ ಸಂಡೆ ಎಂಬವನು 1891ರಲ್ಲಿ ಕೈತುಂಬ ಸಂಬಳದ ಆಟ ಬಿಟ್ಟು ಧರ್ಮಪ್ರಚಾರಕ್ಕೆ ಇಳಿದ, ಮದ್ಯಪಾನದ ವಿರುದ್ಧ ದೇಶವೆಲ್ಲ ತಿರುಗಿ ಭಾಷಣ ಮಾಡಿದ. ಇವರೆಲ್ಲ ಹೆಸರು ಉಳಿದವರು. ಉಳಿದ ನೂರಾರು ಜನ ಸಾರಾಯಿ ಅಂಗಡಿ ಇಟ್ಟರು, ಪೊಲೀಸರಾದರು, ಅಂಪೈರರಾದರು, ಬಿಟ್ಟು ಬಂದ ಗಣಿಗೆ, ಹೊಲಕ್ಕೆ ತಿರುಗಿ ಹೋದರು.

ಕ್ಯಾಪ್ ಆನ್ಸನ್ ಎಂಬವನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. 1871ರಿಂದ 1897ರ ತನಕ ಆಡಿದವನು, ಆ ಕಾಲದ ಅತಿ ದೊಡ್ಡ ಹೆಸರು. ಕರಿಯ ಆಟಗಾರರ ಜೊತೆ ಆಡುವುದಿಲ್ಲ ಎಂದು ಹಟ ಹಿಡಿದು ಆಟಕ್ಕೆ ಮಸಿ ಬಳಿದವರಲ್ಲಿ ಅವನೂ ಒಬ್ಬ. ಅದನ್ನು ಬಿಟ್ಟು ಅವನ ಹೆಸರು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆಟ ಬಿಟ್ಟ ಮೇಲೆ ಬಿಲಿಯರ್ಡ್ಸ್ ಅಂಗಡಿ ಹಾಕಿ ದಿವಾಳಿಯಾದ, ಹೊಟ್ಟೆಪಾಡಿಗೆ ರಂಗದ ಮೇಲೆ ಹಾಸ್ಯದ ಪಾರ್ಟು ಮಾಡಿದ. ಲೀಗಿನವರು ಮರುಕಪಟ್ಟು ತಿಂಗಳ ವೇತನ ಕೊಡುತ್ತೇವೆಂದರೆ ಬೇಡ ಎಂದ. ದಾನ ಬೇಡ ಎನ್ನುವ ಹಮ್ಮು ಅವನದು. ಅದು ದಾನವಲ್ಲ, ಬರಬೇಕಾದ ಬಾಕಿ ಎಂದು ಅವನಿಗೂ ಹೊಳೆಯಲಿಲ್ಲ, ಕೊಡಲು ಬಂದವರಿಗೂ ಹೊಳೆಯಲಿಲ್ಲ. ಆಟಗಾರರಿಗೆ ಹಕ್ಕಿನ ಪಿಂಚಣಿ ಅಂತ ಆ ದೇಶದಲ್ಲಿ ಬಂದದ್ದು 1947ರಲ್ಲಿ. ಸಿನ್ಸಿನಾಟಿಯ ಸಂಬಳ ಶುರುವಾಗಿ ಎಪ್ಪತ್ತೆಂಟು ವರ್ಷದ ಮೇಲೆ. ಅದಕ್ಕೂ ಮೊದಲೇ ಆಟ ಬಿಟ್ಟಿದ್ದವರು ಹೊರಗೇ ಉಳಿದರು.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹಣಕ್ಕಾಗಿ ಆಡುವ ಹಳೆಯ ಆಟ ಅಂದರೆ ಕುಸ್ತಿ. ಇದರ ಚರಿತ್ರೆ ಬರೆದವರು ರಾಜಾಶ್ರಯದಿಂದ ಶುರು ಮಾಡುತ್ತಾರೆ, ಅದು ತಪ್ಪಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ವಿಲಾಯತಿಗೆ ಹೋದಾಗ ರೋಮಿನ ಹಳೆಯ ಬಯಲು ರಂಗಮಂದಿರ ನೋಡಿಬಂದರು, ಅದೇ ಮಾದರಿಯಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. 1912ರಲ್ಲಿ ಮುಗಿದ ಆ ಮೈದಾನದಲ್ಲಿ ಸುತ್ತಲೂ ಎತ್ತರಕ್ಕೆ ಏರಿದ ಕಟ್ಟೆಗಳ ಮೇಲೆ ಸಾವಿರಾರು ಜನ ಕೂತರೂ ನಡುವಿನ ಮಟ್ಟಿ ಯಾರಿಗೂ ಮರೆಯಾಗುವುದಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯ ಪೈಲ್ವಾನರಿಗೆ ಕೊಲ್ಹಾಪುರ ಅಂದರೆ ಕಾಶಿ. ಅಲ್ಲಿನ ತಾಲೀಮುಗಳಲ್ಲಿ ನಾಲ್ಕು ವರ್ಷ ಉಂಡು, ಜೋರು (ಅಭ್ಯಾಸದ ಕುಸ್ತಿ) ಮಾಡಿ ಬಂದವನ ಹೆಸರಿಗೆ ಜಾತ್ರೆಯಲ್ಲಿ ಬೆಲೆಯೇ ಬೇರೆ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಇದ್ದದ್ದು ನಮ್ಮ ಮಗ್ಗುಲಲ್ಲೇ.

ಹುನಗುಂದದ ಮಾತು ಬೇರೆ. ಇದು ಯಾವ ಸಂಸ್ಥಾನಿಕರ ಊರೂ ಅಲ್ಲ; ಆಗ ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರ ಜಿಲ್ಲೆಯ ತಾಲೂಕಾಗಿತ್ತು. ಇಲ್ಲಿ ಪೈಲ್ವಾನನಿಗೆ ಖುರಾಕು, ಅಂದರೆ ಮೈ ಬೆಳೆಸುವ ಆಹಾರ, ಕೊಡಲು ಅರಮನೆಯ ಉಗ್ರಾಣ ಇರಲಿಲ್ಲ. ಕೊಟ್ಟವರು ಊರ ಗೌಡರು, ದೇಸಾಯರು, ದಲಾಲಿ ಅಂಗಡಿಯವರು, ಮಠದವರು, ಹಾಲು ಹಿಂಡಿದ ಮನೆಯ ಅವ್ವಂದಿರು. ಜಾತ್ರೆ ಬಂದಾಗ ಊರೊಳಗೆ ಪಟ್ಟಿ ಎತ್ತುತ್ತಿದ್ದರು; ಆ ಪಟ್ಟಿಯಿಂದಲೇ ಕಡೆ, ಗದೆ, ಇನಾಮು. ಇದರಲ್ಲಿ ಒಂದು ಒಳ್ಳೆಯದಿತ್ತು, ಒಂದು ಕೆಟ್ಟದ್ದಿತ್ತು. ಒಳ್ಳೆಯದೇನೆಂದರೆ, 1948-49ರಲ್ಲಿ ಸಂಸ್ಥಾನಗಳು ವಿಲೀನವಾಗಿ ಅರಮನೆಯ ಖುರಾಕು ನಿಂತಾಗ ಅಲ್ಲಿನ ಪೈಲ್ವಾನರು ಒಮ್ಮೆಲೇ ಬೀದಿಗೆ ಬಿದ್ದರು, ನಮ್ಮವರಿಗೆ ಆ ಪೆಟ್ಟು ಅಷ್ಟು ಜೋರಾಗಿ ತಾಗಲಿಲ್ಲ. ಜಾತ್ರೆ ನಡೆಯುವ ತನಕ ಕುಸ್ತಿಯೂ ನಡೆಯಿತು. ಕೆಟ್ಟದ್ದೇನೆಂದರೆ, ಅರಮನೆ ಒಂದು ಖರ್ಚಿನ ಪುಸ್ತಕವನ್ನಾದರೂ ಇಡುತ್ತದೆ. ಪಟ್ಟಿ ಎತ್ತಿದ ಕಮಿಟಿ ಜಾತ್ರೆ ಮುಗಿದ ಮರುದಿನ ಲೆಕ್ಕ ಓದಿ, ಉಳಿದ ದುಡ್ಡನ್ನು ಗುಡಿಗೆ ಹಾಕಿ, ಚೀಟಿ ಹರಿದು ಎದ್ದುಬಿಡುತ್ತದೆ. ಈ ಚೀಟಿಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜಾತ್ರೆಯ ಕುಸ್ತಿಯನ್ನು ನೋಡದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೂ ಒಂದು ಅಂಶದ ಕಡೆ ನಿಮ್ಮ ಗಮನ ಸೆಳೆಯಬೇಕು. ಹಲಗಿಯ ಸದ್ದು ಏರುತ್ತಿದ್ದ ಹಾಗೆ ಮೊದಲು ಇಳಿಯುವವರು ಚಿಕ್ಕ ಹುಡುಗರು. ಅವರದು ಟೆಂಗಿನಕಾಯಿ ಕುಸ್ತಿ, ಬತ್ತಾಸದ ಕುಸ್ತಿ. ಆಮೇಲೆ ಹತ್ತು ರೂಪಾಯಿ, ಐವತ್ತು, ನೂರು ಎಂದು ಇನಾಮು ಏರುತ್ತ ಹೋಗಿ ಹೊತ್ತು ಮುಳುಗುವ ಹೊತ್ತಿಗೆ ಕಡೇ ಕುಸ್ತಿ, ಕಡೆಯ ಕುಸ್ತಿ. ಅಂದರೆ ಮಟ್ಟಿಗೆ ಇಳಿಯುವುದಕ್ಕೆ ಮೆಟ್ಟಿಲಿದೆ. ಹತ್ತು ವರ್ಷದ ಪೋರ ಟೆಂಗಿನಕಾಯಿಯಿಂದ ಶುರು ಮಾಡಿ ಹದಿನೈದು ವರ್ಷಕ್ಕೆ ಬೆಳ್ಳಿ ಕಡೆಗೆ ಬರುತ್ತಾನೆ, ಪ್ರತಿ ಮೆಟ್ಟಿಲನ್ನೂ ಊರು ನೋಡಿರುತ್ತದೆ. ಬಿಡುವುದಕ್ಕೆ ಅಂಥ ಮೆಟ್ಟಿಲಿಲ್ಲ. ಇಂತಿಂಥ ದಿನದಿಂದ ನಾನು ನಿವೃತ್ತ ಎಂದು ಯಾವ ಪೈಲ್ವಾನನೂ ಸಾರಿದ್ದನ್ನು ನಾನು ಕೇಳಿಲ್ಲ. ಒಂದು ವರ್ಷ ಅವನು ಜಾತ್ರೆಗೆ ಬಂದಾಗ ಅಂಗಿ ಕಳೆಯುವುದಿಲ್ಲ, ಅಷ್ಟೇ. ಧೋತರ, ತೋಳಿನ ಅಂಗಿ, ತಲೆಗೆ ರುಮಾಲು ಹಾಗೇ ಇರುತ್ತವೆ. ಪಂಚರು ಕೂತ ಕಡೆ ಹೋಗಿ ಕೂಡುತ್ತಾನೆ.

"ಯಾಕ್ರಿ ಉಸ್ತಾದ್ರ, ಈ ಸಲ ಇಳಿಯಂಗಿಲ್ಲೇನ್ರಿ?"

"ಇಲ್ಲಪಾ, ಇನ್ನ ಹುಡುಗೂರ ಇಳೀಲಿ."

ಇಷ್ಟೇ. ಕಮಿಟಿಯವರು ಅವನ ತಲೆಗೆ ಒಂದು ಪಟಕಾ ಸುತ್ತಿ ಕೈಗೆ ಟೆಂಗಿನಕಾಯಿ ಕೊಡುತ್ತಾರೆ. ಮುಂದಿನ ಜೋಡಿ ಕೈ ಕೂಡಿಸುವುದು ಅವನೇ. ಹೀಗೆ ಮಾನದಿಂದ ಎದ್ದು ಹೋಗುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಮೊಳಕಾಲಿನ ಕೀಲು ತಪ್ಪಿ, ಭುಜ ಇಳಿದು, ಇಪ್ಪತ್ತೈದಕ್ಕೇ ಮಟ್ಟಿ ಬಿಟ್ಟವರಿಗೆ ಪಟಕಾ ಸುತ್ತಲು ಯಾರೂ ಬರುವುದಿಲ್ಲ. ಅವರು ಜನರ ನಡುವೆ ನಿಂತು ನೋಡಿ ಮನೆಗೆ ಹೋಗುತ್ತಾರೆ.

ಮಟ್ಟಿಯನ್ನು ಬಿಟ್ಟರೂ ಮೈ ಬಿಡಬೇಕಲ್ಲ? ಪೈಲ್ವಾನನ ಮೈಯನ್ನು ಊರು ಹತ್ತು ವರ್ಷ ಕಟ್ಟಿರುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ನೂರಾರು ದಂಡ, ಬೈಠಕ್; ಮಟ್ಟಿ ಅಗೆದು ಹದ ಮಾಡುವುದೇ ಒಂದು ಸಾಮು. ಕೆಮ್ಮಣ್ಣಿಗೆ ಎಣ್ಣೆ, ಅರಿಷಿಣ, ಲಿಂಬಿಹಣ್ಣಿನ ರಸ, ಮಜ್ಜಿಗೆ ಹಾಕಿ ಕಾಲಿಗೆ ಮೆತ್ತಗಾಗುವ ತನಕ ತಿರುವಬೇಕು. ಜೋರು ಮುಗಿದ ಮೇಲೆ ಹಾಲು, ತುಪ್ಪ, ನೆನೆಹಾಕಿ ಅರೆದ ಬದಾಮಿಯ ಥಂಡಾಯಿ. ನಮ್ಮ ಅಮೀನಗಡದ ಕರದಂಟಿನಲ್ಲಿ ಏನೇನಿದೆ ನೋಡಿ: ಅಂಟು, ಒಣಕೊಬ್ಬರಿ, ಬದಾಮಿ, ಗೋಡಂಬಿ, ಬೆಲ್ಲ, ತುಪ್ಪ. ಇವತ್ತು ಬಸ್ಸಿನ ಕಿಟಕಿಯಲ್ಲಿ ಡಬ್ಬಿ ಕೊಂಡು ಬೆಂಗಳೂರಿಗೆ ಒಯ್ಯುತ್ತೇವೆ; ಬೇರೆಯವರು ಚೂರು ಕಚ್ಚಿ ತಿನ್ನುವುದನ್ನು ಪೈಲ್ವಾನ ತಾಟು ತುಂಬ ತಿಂದು ಅರಗಿಸುತ್ತಾನೆ. ಸಾಮು ನಿಂತ ಮೇಲೆ ಹಸಿವು ನಿಲ್ಲುವುದಿಲ್ಲ. ತಿನ್ನುವುದು ಅಷ್ಟೇ, ಬೆವರು ಇಲ್ಲ. ಎರಡು ಮೂರು ವರ್ಷದಲ್ಲಿ ಎದೆ ಹೊಟ್ಟೆಗೆ ಇಳಿಯುತ್ತದೆ, ಅಷ್ಟು ಭಾರ ಹೊತ್ತು ಮೊದಲೇ ಸವೆದ ಮೊಳಕಾಲು ಕೂಡುತ್ತದೆ, ಆಮೇಲೆ ಬೀಪಿ, ಸಕ್ಕರೆ. ಬಲ್ಲ ಉಸ್ತಾದರು ಇದಕ್ಕೊಂದು ಕ್ರಮ ಹೇಳುತ್ತಿದ್ದರು: ಜೋರು ಬಿಟ್ಟರೂ ಬೈಠಕ್ ಬಿಡಬೇಡ, ವರ್ಷಕ್ಕಿಷ್ಟು ಅಂತ ಇಳಿಸುತ್ತ ಬಾ, ಅದರ ಜೊತೆಗೇ ಖುರಾಕು ಇಳಿಸು. ಈ ಕ್ರಮ ಪಾಲಿಸಿದವರು ಎಂಬತ್ತಕ್ಕೂ ನೆಟ್ಟಗೆ ನಡೆಯುತ್ತಾರೆ. ಬೆಳೆಸುವ ವಿದ್ಯೆಯಷ್ಟೇ ಇಳಿಸುವ ವಿದ್ಯೆಯೂ ದೊಡ್ಡದು ಎಂದು ನಾನು ತಿಳಿದಿದ್ದೇನೆ; ಕುಸ್ತಿಯ ಪುಸ್ತಕಗಳಲ್ಲಿ ಅದಕ್ಕೊಂದು ಪುಟವೂ ಇಲ್ಲ.

ಮೈಯ ಒಂದು ಗುರುತು ಮಾತ್ರ ಎಂದೂ ಇಳಿಯುವುದಿಲ್ಲ, ಅದು ಕಿವಿ. ಹಿಡಿತದಲ್ಲಿ ತಿಕ್ಕಿ ತಿಕ್ಕಿ ಕಿವಿಯ ಮೃದ್ವಸ್ಥಿಗೂ ಚರ್ಮಕ್ಕೂ ನಡುವೆ ರಕ್ತ ಕೂಡುತ್ತದೆ, ಅದನ್ನು ಬೇಗ ತೆಗೆಸದಿದ್ದರೆ ಗಟ್ಟಿಯಾಗಿ ಕಿವಿ ಮುದ್ದೆಯಾಗಿ ಉಳಿಯುತ್ತದೆ. ಪೈಲ್ವಾನರು ತೆಗೆಸುವುದಿಲ್ಲ. ಮುರಿದ ಕಿವಿ ಅವರ ಪಾಲಿಗೆ ಪದವಿ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಇಬ್ಬರು ಮುದುಕರು ಒಬ್ಬರ ಕಿವಿ ಒಬ್ಬರು ನೋಡಿ "ಯಾವ ಗರಡಿ ನಿಮ್ದು?" ಎಂದು ಮಾತಿಗೆ ಶುರು ಮಾಡುವುದನ್ನು ನೀವೂ ನೋಡಿರುತ್ತೀರಿ.

ಮಟ್ಟಿ ಬಿಟ್ಟವರು ಏನು ಮಾಡಿದರು? ಹೊಲವಿದ್ದವರು ಹೊಲಕ್ಕೆ ಹೋದರು, ಅವರ ಚಿಂತೆ ಇಲ್ಲ. ಹೊಲವಿಲ್ಲದವರು ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡಿದರು, ಇಳಕಲ್ಲಿನ ಕಲ್ಲಿನ ಕಣಿಗಳಲ್ಲಿ ಕೆಲಸಕ್ಕೆ ನಿಂತರು, ಸಿನೆಮಾ ಟಾಕೀಜಿನ ಗೇಟು ಕಾದರು, ಅಮೀನಗಡದ ಕುರಿ ಸಂತೆಯಲ್ಲಿ ದಲಾಲಿ ಮಾಡಿದರು. ಕೆಲವರನ್ನು ಗೌಡರು ಜೊತೆಗೆ ಇಟ್ಟುಕೊಂಡರು; ಹಿಂದೆ ಒಬ್ಬ ಪೈಲ್ವಾನ ನಡೆದರೆ ಗೌಡಕಿಗೆ ತೂಕ. ಚುನಾವಣೆ ಬಂದ ಮೇಲೆ ಆ ಕೆಲಸ ಮತ್ತಷ್ಟು ಹೆಚ್ಚಿತು. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ದೇಹವನ್ನು ಬಾಡಿಗೆಗೆ ಕೊಡುವ ಆ ದಂಧೆಯಲ್ಲಿ ಕೋರ್ಟು ಕಚೇರಿ ಹತ್ತಿ ಬಾಳು ಹಾಳು ಮಾಡಿಕೊಂಡವರು ಇದ್ದಾರೆ. ಕುಡಿತಕ್ಕೆ ಬಿದ್ದವರೂ ಇದ್ದಾರೆ. ಲಂಗೋಟ ಕಟ್ಟಿದ್ದಾಗ ಬ್ರಹ್ಮಚಾರಿಯಂತೆ ಇದ್ದವನು ಬಿಚ್ಚಿದ ಮರುವರ್ಷವೇ ಗಡಂಗಿನ ಮುಂದೆ ಕಾಣಿಸಿದರೆ ಊರು ಅವನನ್ನು ಬಯ್ಯುತ್ತದೆ. ಇಪ್ಪತ್ತು ವರ್ಷ ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದ ಕೆಲಸ ಇದ್ದಕ್ಕಿದ್ದಂತೆ ಇಲ್ಲವಾದದ್ದನ್ನು ಯಾರೂ ಎಣಿಸುವುದಿಲ್ಲ. ನಮ್ಮ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಮನೆಮನೆಗೆ, ಊರೂರಿಗೆ ಹೋದರು. ಬೇಸ್‌ಬಾಲ್ ಬಿಟ್ಟ ಬಿಲ್ಲಿ ಸಂಡೆಯ ಹೆಸರು ಮೊದಲೇ ಎತ್ತಿದೆನಲ್ಲ. ಅಲ್ಲಿ ಆಟ ಬಿಟ್ಟವನೇ ಕುಡಿತದ ವಿರುದ್ಧ ಬೋಧನೆಗೆ ನಿಂತ. ನಮ್ಮಲ್ಲಿ ಆ ಕೆಲಸ ಮಠ ಮಾಡಿತು.

ಇಷ್ಟೆಲ್ಲ ಇದ್ದರೂ ಗರಡಿಮನೆಗೆ ತನ್ನದೇ ಆದ ಒಂದು ವ್ಯವಸ್ಥೆ ಇತ್ತು, ಅದು ಉಸ್ತಾದಿಕೆ. ಬಿಟ್ಟವನು ಮರುದಿನವೂ ಗರಡಿಗೆ ಬರುತ್ತಾನೆ. ಈಗ ಹುಡುಗರ ಹಿಂದೆ ನಿಂತು ಪಟ್ಟು ತಿದ್ದುತ್ತಾನೆ. ಹನುಮಪ್ಪನ ಫೋಟೊಕ್ಕೆ ಶನಿವಾರ ಕಾಯಿ ಒಡೆಯುವುದು, ಕದದ ಕೀಲಿ ಇಟ್ಟುಕೊಳ್ಳುವುದು, ಯಾವ ಹುಡುಗನನ್ನು ಯಾವ ಜಾತ್ರೆಗೆ ಕಳಿಸಬೇಕೆಂದು ತೀರ್ಮಾನಿಸುವುದು ಅವನ ಪಾಲಿಗೆ ಬರುತ್ತದೆ. ಮುಸಲ್ಮಾನ ಉಸ್ತಾದರ ಕೈಯಲ್ಲಿ ಲಿಂಗಾಯತ, ಕುರುಬ, ವಾಲ್ಮೀಕಿ ಹುಡುಗರು ತಯಾರಾಗುವುದು ನಮ್ಮ ಊರುಗಳಲ್ಲಿ ಸುದ್ದಿಯೇ ಅಲ್ಲ. ಬೇಸ್‌ಬಾಲಿನವನನ್ನು ತಂಡ ಕೈಬಿಟ್ಟರೆ ಮೈದಾನದ ಗೇಟಿನೊಳಗೆ ಅವನಿಗೆ ಜಾಗವಿರಲಿಲ್ಲ. ನಮ್ಮವನಿಗೆ ಸಾಯುವ ತನಕ ಗರಡಿಯ ಕಟ್ಟೆ ಇತ್ತು. ನಾವು ಇದನ್ನು ಎದೆ ತಟ್ಟಿ ಹೇಳಿಕೊಳ್ಳಬಹುದು. ಆದರೆ ಉಸ್ತಾದಿಕೆಗೆ ಸಂಬಳವಿರಲಿಲ್ಲ ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಯುಗಾದಿಗೊಂದು ಧೋತರ, ಶಿಷ್ಯ ಗೆದ್ದರೆ ಕಾಲಿಗೆ ಬಿದ್ದು ಕೊಟ್ಟ ಪಟಕಾ, ಇನಾಮಿನಲ್ಲಿ ಮನಸ್ಸಿಗೆ ಬಂದಷ್ಟು. ಮಾನ ಕೊಟ್ಟು ಅನ್ನದ ಮಾತು ಎತ್ತದಿರುವುದು ನಮ್ಮ ಸಮಾಜಕ್ಕೆ ಬಹಳ ಸಲೀಸು.

ಹೆಸರು ಮಾಡಿದವರ ಗತಿ ಏನಾಯಿತೆಂದು ತೋರಿಸಲು ಮೂವರ ಬಗ್ಗೆ ಹೇಳುತ್ತೇನೆ. ಗಾಮಾ ಪೈಲ್ವಾನನ ಹೆಸರು ಕೇಳದವರಿಲ್ಲ. 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಝ್ಬಿಸ್ಕೋನ ಎದುರು ಇಳಿದವನು, 1928ರಲ್ಲಿ ಪಟಿಯಾಲದಲ್ಲಿ ಅದೇ ಝ್ಬಿಸ್ಕೋನನ್ನು ಒಂದು ನಿಮಿಷದೊಳಗೆ ಕೆಡವಿದವನು. ಆಗ ಅವನ ವಯಸ್ಸು ಐವತ್ತರ ಹತ್ತಿರ. ಪಟಿಯಾಲದ ಮಹಾರಾಜರ ಆಶ್ರಯ ಇದ್ದಷ್ಟು ದಿನ ಎಲ್ಲ ಇತ್ತು. ದೇಶ ಒಡೆದ ಮೇಲೆ ಲಾಹೋರಿನಲ್ಲಿ ರೋಗ, ಬಡತನಗಳ ನಡುವೆ ದಿನ ನೂಕಿ 1960ರಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಭಾರತದಿಂದ ಬಿರ್ಲಾ ಅವರು ಕಳಿಸುತ್ತಿದ್ದ ನೆರವು ಅವನ ಆಸರೆಗಳಲ್ಲೊಂದು.

ಎರಡನೆಯವರು ಖಾಶಾಬಾ ಜಾಧವ. ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಅವರನ್ನು ಕಳಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆ ಇಟ್ಟಿದ್ದರು. 1955ರಲ್ಲಿ ಪೊಲೀಸ್ ಇಲಾಖೆಗೆ ಸಬ್‌ಇನ್‌ಸ್ಪೆಕ್ಟರಾಗಿ ಸೇರಿದರು. ಇಪ್ಪತ್ತೇಳು ವರ್ಷ ನೌಕರಿ ಮಾಡಿದ ಮೇಲೆ ಪಿಂಚಣಿಗಾಗಿ ಅಲೆಯಬೇಕಾಯಿತು. 1984ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಸತ್ತು ಹದಿನೈದು ವರ್ಷ ದಾಟಿದ ಮೇಲೆ.

ಮೂರನೆಯವರು ನಮ್ಮವರೇ. ಶ್ರೀಪತಿ ಖಂಚನಾಳೆ, ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಎಕ್ಸಂಬಾದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗನನ್ನು ಸೋಲಿಸಿ ಹಿಂದ್ ಕೇಸರಿ ಬಿರುದು ಪಡೆದ ಮೊದಲಿಗರಾದರು. ಕೊಲ್ಹಾಪುರದಲ್ಲೇ ನೆಲೆಸಿ, ಮಟ್ಟಿ ಬಿಟ್ಟ ಮೇಲೆ ಹುಡುಗರನ್ನು ತಯಾರು ಮಾಡಿ, 2020ರ ಡಿಸೆಂಬರಿನಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈ ಮೂವರಲ್ಲಿ ಉಸ್ತಾದಿಕೆಯ ದಾರಿ ಹಿಡಿದು ದೀರ್ಘಾಯುಷ್ಯ, ಮಾನ ಎರಡನ್ನೂ ಕಂಡವರು ಇವರು. ಅದಕ್ಕೆ ಕೊಲ್ಹಾಪುರದಂಥ ಕುಸ್ತಿಯ ಪೇಟೆಯೇ ಬೇಕಾಯಿತು ಅನ್ನುವುದನ್ನು ಮರೆಯಬಾರದು. ಎಕ್ಸಂಬಾಕ್ಕೆ ತಿರುಗಿ ಬಂದಿದ್ದರೆ ಏನಾಗುತ್ತಿತ್ತೋ.

ಈಗ ನಮ್ಮ ಸರ್ಕಾರದ ಮಾತು. ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಬೇರೆ ಎಷ್ಟೋ ಕಡೆ ಇಲ್ಲದ ಸವಲತ್ತು ಇದು, ಕೊಟ್ಟವರನ್ನು ನೆನೆಯಬೇಕು. ಮೊತ್ತ ದೊಡ್ಡದಲ್ಲ, ಔಷಧಿ ಅಂಗಡಿಯ ಬಾಕಿ ತೀರಿಸಲಿಕ್ಕೆ ಆದೀತು. ರಾಜ್ಯಮಟ್ಟ, ರಾಷ್ಟ್ರಮಟ್ಟ, ಅಂತರರಾಷ್ಟ್ರೀಯ ಮಟ್ಟ ಎಂದು ಹಂತ ನೋಡಿ ಕೊಡುತ್ತಾರೆ. ಅರ್ಜಿಯ ಜೊತೆ ಆಡಿದ್ದಕ್ಕೆ ಪ್ರಮಾಣಪತ್ರ ಇರಬೇಕು. ನಮ್ಮ ಮುದುಕರು ಸಿಕ್ಕಿಬೀಳುವುದು ಇಲ್ಲಿಯೇ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗೆ, ಸೋಲು ಗೆಲುವು ತೀರುವ ತನಕ ಹಿಡಿಯುವ ಕುಸ್ತಿಗೆ, ಯಾವ ಮಟ್ಟ? ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಇಳಕಲ್ಲಿನ ಜಾತ್ರೆಯಲ್ಲಿ ಸಾಂಗಲಿ, ಸೊಲ್ಲಾಪುರದ ಪೈಲ್ವಾನರನ್ನು ಕೆಡವಿದವನಿಗೆ ಯಾವ ಸಂಘ ಸರ್ಟಿಫಿಕೇಟು ಬರೆದುಕೊಟ್ಟಿತು? ಅವನಿಗೆ ಸಿಕ್ಕದ್ದು ಕಡೆ, ಗದೆ, ಪಟಕಾ. ಕಡೆಯನ್ನು ಮಗಳ ಮದುವೆಗೆ ಕರಗಿಸಿದ್ದಾನೆ. ಪಟಕಾ ಇಲಿ ತಿಂದಿದೆ. ಗದೆ ದೇವರ ಜಗುಲಿಯ ಮೇಲಿದೆ, ಅದರ ಮೇಲೆ ಹೆಸರಿಲ್ಲ. ಇನ್ನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟುಕೊಟ್ಟ ಊರುಗಳದು ಬೇರೆಯೇ ಗೋಳು. ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕ ಇತ್ತು. ಗರಡಿಯ ಗೋಡೆಗೆ ಹೊಡೆದಿದ್ದ ಫೋಟೊಗಳಿಗೆ ಇರಲಿಲ್ಲ. ಹೊಸ ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ಒಲೆ, ಒರಳು ಹೇರಿದವರಿಗೆ ಆ ಫೋಟೊ ನೆನಪಾದವೋ ಇಲ್ಲವೋ.

ಬೇಸ್‌ಬಾಲಿನ ಸಂಗತಿ ಇದಕ್ಕೆ ತಿರುವುಮುರುವು. ಆ ಆಟದಲ್ಲಿ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಮೊದಲಿನಿಂದಲೂ ಲೆಕ್ಕ ಬರೆಯುವ ಪದ್ಧತಿ ರೂಢಿಸಿದ. ಯಾರು ಎಷ್ಟು ಸಲ ಹೊಡೆದ, ಎಷ್ಟು ಸಲ ಕೈ ಬಿಟ್ಟ ಎಂಬುದು ಮರುದಿನದ ಪತ್ರಿಕೆಯಲ್ಲಿ ಕೋಷ್ಟಕವಾಗಿ ಬರುತ್ತಿತ್ತು. 1876ರಲ್ಲಿ ಒಂದೇ ಒಂದು ಪಂದ್ಯ ಆಡಿ ಕಾಣೆಯಾದವನ ಹೆಸರೂ ಇವತ್ತು ಪುಸ್ತಕದಲ್ಲಿ ಸಿಗುತ್ತದೆ. ಅವರಿಗೆ ಕಾಗದವಿತ್ತು, ಪಿಂಚಣಿ ಇರಲಿಲ್ಲ. ನಮ್ಮವರಿಗೆ ಮಾಸಾಶನ ಬಂದಿದೆ, ಕಾಗದವಿಲ್ಲ.

ಕಾಗದ ಪೂರ್ತಿ ಇಲ್ಲವೆಂದೂ ಅಲ್ಲ. ಜಾತ್ರೆಗೆ ಮುಂಚೆ ಹಂಚುತ್ತಿದ್ದ ಹ್ಯಾಂಡ್‌ಬಿಲ್ಲುಗಳಿವೆಯಲ್ಲ, ಅವುಗಳನ್ನೇ ನಾನು ಕಾಗದ ಎನ್ನುತ್ತಿರುವುದು. ಹಳದಿಯೋ ಗುಲಾಬಿಯೋ ಬಣ್ಣದ ತೆಳು ಹಾಳೆ. ತಲೆಗೆ "ಶ್ರೀ ಮಾರುತೇಶ್ವರ ಪ್ರಸನ್ನ". ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಜಂಗೀ ನಿಕಾಲಿ ಕುಸ್ತಿಗಳು ಎಂದು ಹೇಳಿ ಮಿತಿ, ವಾರ, ಹೊತ್ತು. ಆಮೇಲೆ ಎದುರುಬದುರು ಜೋಡಿಗಳು: ಈ ಕಡೆ ಪೈಲ್ವಾನನ ಹೆಸರು, ಊರು, ಯಾರ ಪಟ್ಟಾ (ಶಿಷ್ಯ), ಆ ಕಡೆ ಅದೇ. ನಡುವೆ ಇನಾಮಿನ ಮೊತ್ತ, ಅದನ್ನು ಕೊಟ್ಟ ದಾನಿಯ ಹೆಸರು. ತಳದಲ್ಲಿ ಸಣ್ಣ ಅಕ್ಷರದ ಸೂ‍ಚನೆಗಳು: ಕಮಿಟಿಯ ತೀರ್ಮಾನವೇ ಅಖೈರು, ಪರಊರಿನ ಪೈಲ್ವಾನರಿಗೆ ಊಟದ ವ್ಯವಸ್ಥೆ ಇದೆ. ಕೊನೆಯ ಸಾಲಿನಲ್ಲಿ ಪ್ರೆಸ್ಸಿನ ಹೆಸರು. ಒಬ್ಬ ಪೈಲ್ವಾನನ ಹೆಸರನ್ನು ಹತ್ತು ವರ್ಷದ ಹ್ಯಾಂಡ್‌ಬಿಲ್ಲುಗಳಲ್ಲಿ ಹುಡುಕಿ ಸಾಲಾಗಿ ಇಟ್ಟರೆ ಅವನು ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಏರಿದ, ಯಾವ ವರ್ಷ ಪಟ್ಟಿಯಿಂದ ಬಿಟ್ಟುಹೋದ ಎಂಬುದು ಗೊತ್ತಾಗುತ್ತದೆ. ಯಾರೂ ಸಾರದ ನಿವೃತ್ತಿ ಅಲ್ಲಿ ಅಚ್ಚಾಗಿದೆ.

ನಾಟಕದವರು ಈ ಕೆಲಸ ಆಗಲೇ ಮಾಡಿದ್ದಾರೆ. ಇದೇ ಸೀಮೆಯ ಕಂದಗಲ್ಲಿನ ಹನುಮಂತರಾಯರು, ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ನಮ್ಮ ಕಂಪನಿ ನಾಟಕಕ್ಕೆ ದೊಡ್ಡ ಹೆಸರು ತಂದರು. ಆ ರಂಗಭೂಮಿಯ ಚರಿತ್ರೆ ಬರೆದವರು ಹಳೆಯ ಹ್ಯಾಂಡ್‌ಬಿಲ್ಲುಗಳನ್ನೇ ದಾಖಲೆ ಎಂದು ಹಿಡಿದು, ಯಾವ ನಟಿ ಯಾವ ಕ್ಯಾಂಪಿನಲ್ಲಿ ಯಾವ ಪಾರ್ಟು ಮಾಡಿದಳು ಎಂಬುದನ್ನು ಕಟ್ಟಿಕೊಟ್ಟರು. ಬನಶಂಕರಿ ಜಾತ್ರೆಯಲ್ಲಿ ನಾಟಕದ ತಂಬುವಿನ ಹ್ಯಾಂಡ್‌ಬಿಲ್ಲೂ ಕುಸ್ತಿಯ ಹ್ಯಾಂಡ್‌ಬಿಲ್ಲೂ ಒಂದೇ ಪ್ರೆಸ್ಸಿನಲ್ಲಿ ಅಚ್ಚಾಗಿರಬಹುದು. ಒಂದಕ್ಕೆ ಚರಿತ್ರೆಯ ಮಾನ ಸಿಕ್ಕಿತು, ಇನ್ನೊಂದರಲ್ಲಿ ಮಿರ್ಚಿ ಕಟ್ಟಿದರು.

ಈಗಿನ ಹುಡುಗರ ಸ್ಥಿತಿ ಹಾಗಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದಿಲ್ಲಿಯ ಏಷ್ಯನ್ ಕುಸ್ತಿ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೀಕೋ ರೋಮನ್ ವಿಭಾಗದ 55 ಕಿಲೋ ತೂಕದಲ್ಲಿ ಕಂಚು ಗೆದ್ದರು. ಇಂಥವರ ಹಿಂದೆ ಬರುತ್ತಿರುವ ಹುಡುಗರು ಮ್ಯಾಟಿನ ಮೇಲೆ ಆಡುತ್ತಾರೆ, ಕ್ರೀಡಾ ಹಾಸ್ಟೆಲಿನಲ್ಲಿ ಉಣ್ಣುತ್ತಾರೆ. ಸೈನ್ಯ, ರೈಲ್ವೆ, ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ಮೇಲೆ ಅವರ ಕಣ್ಣು. ಹದಿನಾಲ್ಕರ ಹುಡುಗನ ಅಪ್ಪ ಪ್ಲಾಸ್ಟಿಕ್ ಫೈಲಿನಲ್ಲಿ ಲ್ಯಾಮಿನೇಶನ್ ಮಾಡಿಸಿದ ಸರ್ಟಿಫಿಕೇಟು ಹಿಡಿದೇ ಬರುತ್ತಾನೆ. ಕೆಲವು ಹಿರಿಯರು ಇದನ್ನು ಕಂಡು ಮೂಗು ಮುರಿಯುತ್ತಾರೆ, ನೌಕರಿಗಾಗಿ ಕುಸ್ತಿ ಹಿಡಿಯುವುದೂ ಒಂದು ಕುಸ್ತಿಯೇ ಎಂದು. ನಾನು ಆ ಅಪ್ಪನ ಪಕ್ಷ. ಆಟ ಬಿಟ್ಟ ಮೇಲಿನ ಮೂವತ್ತು ವರ್ಷವನ್ನು ಆಟ ಶುರು ಮಾಡುವಾಗಲೇ ಲೆಕ್ಕಕ್ಕೆ ಹಿಡಿದ ಮೊದಲ ತಲೆಮಾರು ಅದು.

ಹೀಗಿರುವಾಗ ಕೇಳಬೇಕಾದದ್ದು ಹಿಂದಿನವರ ಪರವಾಗಿ. ಅರ್ಜಿ ಪರಿಶೀಲಿಸುವ ಇಲಾಖೆ ಜಾತ್ರಾ ಕಮಿಟಿಯ ಹ್ಯಾಂಡ್‌ಬಿಲ್ಲನ್ನೂ ಪುರಾವೆ ಎಂದು ಒಪ್ಪಬೇಕು. ಅದರ ಜೊತೆಗೆ ಬೇಕಾದರೆ ಇಬ್ಬರು ಉಸ್ತಾದರ ಹೇಳಿಕೆ ಮತ್ತು ಗ್ರಾಮ ಪಂಚಾಯಿತಿಯ ಠರಾವು ಇರಲಿ. ಸುಳ್ಳು ಹೆಸರು ನುಸುಳುತ್ತವೆ ಎಂಬ ಭಯ ಅಧಿಕಾರಿಗಳಿಗಿದ್ದರೆ ಅದು ನ್ಯಾಯವೇ. ಆದರೆ ಎದುರಾಳಿಯ ಹೆಸರು, ಊರು ಅದೇ ಹಾಳೆಯಲ್ಲಿದೆ. ಆ ಊರಿಗೆ ಒಂದು ಫೋನು ಹಚ್ಚಿದರೆ, ಸೋತವನು ಬದುಕಿದ್ದರೆ, ಯಾರು ಕೆಡವಿದರೆಂದು ಅವನೇ ಹೇಳುತ್ತಾನೆ. ಸೋತವನು ಮರೆಯುವುದಿಲ್ಲ. ಇತ್ತ ನಮ್ಮ ಪಾಲಿನ ಕೆಲಸವೂ ಇದೆ. ಹುನಗುಂದ, ಇಳಕಲ್ಲು, ಅಮೀನಗಡದ ಹಳೆಯ ಪ್ರೆಸ್ಸುಗಳವರು ತಮ್ಮ ಮಾದರಿ ಪ್ರತಿಗಳ ಕಟ್ಟುಗಳನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಬೇಕು. ಹರಿಯದೆ ಉಳಿದ ಕಮಿಟಿಯ ಚೀಟಿ, ಪಟ್ಟಿ ಎತ್ತಿದ ವಹಿ ಯಾರ ಮನೆಯ ಟ್ರಂಕಿನಲ್ಲಿದ್ದರೂ ಸರಿ, ಫೋಟೊ ತೆಗೆದುಕೊಂಡು ವಾಪಸು ಕೊಡಲು ಕಾಲೇಜಿನ ಹುಡುಗರು ತಯಾರಿದ್ದಾರೆ. ಮೊದಲು ಅರವತ್ತು ದಾಟಿದ ಪೈಲ್ವಾನರು ಇರುವ ಊರುಗಳಿಂದ ಶುರು ಮಾಡಿದರೆ ಒಳ್ಳೆಯದು, ಬನದ ಹುಣ್ಣಿವೆಗೆ ಎಲ್ಲರೂ ಬನಶಂಕರಿಗೆ ಬರುತ್ತಾರೆ, ಅಲ್ಲಿಯೇ ಒಂದು ಮೇಜು ಹಾಕಬಹುದು.